ಅಂಕ ಬಂದಿದೆ, ಚಾರ್ಟ್ ಓದಲು ಬಂದಿಲ್ಲ

ಮಾನ್ಯ ಕುಲಪತಿಗಳಿಗೆ ಹಾಗೂ ಪಠ್ಯಕ್ರಮ ಮಂಡಳಿಯ ಸದಸ್ಯರಿಗೆ,



ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ತಮ್ಮ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಪದವೀಧರರು ಪ್ರತಿ ವರ್ಷ ನಮ್ಮಲ್ಲಿಗೆ ಟ್ರೈನಿಗಳಾಗಿ ಬರುತ್ತಾರೆ. ಚುರುಕಾದ ಮಕ್ಕಳು, ಕೆಲಸಕ್ಕೆ ಹಿಂಜರಿಯುವವರಲ್ಲ. ಗುಣಮಟ್ಟ ನಿರ್ವಹಣೆಯ ಪೇಪರಿನಲ್ಲಿ ಒಳ್ಳೆಯ ಅಂಕವೂ ಇರುತ್ತದೆ. ಆದರೆ ಮಷಿನ್ ಮುಂದೆ ನಿಲ್ಲಿಸಿದರೆ ಕಂಟ್ರೋಲ್ ಚಾರ್ಟ್ ಓದಲು ಬರುವುದಿಲ್ಲ. ಇದರ ಹೊಣೆ ಆ ಮಕ್ಕಳದ್ದಲ್ಲ, ಕಲಿಸುವ ಕ್ರಮದ್ದು. ಅದಕ್ಕೇ ಈ ಪತ್ರ.

ಈಚೆಗೆ ಸೇರಿದ ಹುಡುಗಿಯೊಬ್ಬಳಿಗೆ ಒಂದು ಬುಷ್‌ನ ಕೆಲಸ ವಹಿಸಿದ್ದೆ. ಹೊರವ್ಯಾಸ 25 ಮಿ.ಮೀ., ಡ್ರಾಯಿಂಗ್ ಪ್ರಕಾರ 0.02 ಹೆಚ್ಚು ಕಡಿಮೆ ಆಗಬಹುದು. ಗಂಟೆಗೊಮ್ಮೆ ಐದು ಪೀಸ್ ಅಳೆದು ಸರಾಸರಿ ಗುರುತಿಸಮ್ಮ ಎಂದೆ. ಚೊಕ್ಕವಾಗಿ ಬರೆದು ತಂದಳು. ಮೇಲಿನ ಗೆರೆ 25.02, ಕೆಳಗಿನದು 24.98. ‘ಎಲ್ಲಾ ಪಾಯಿಂಟೂ ಒಳಗೇ ಇದೆ ಸಾರ್, ಪ್ರೋಸೆಸ್ ಕಂಟ್ರೋಲ್‌ನಲ್ಲಿದೆ’ ಎಂದಳು. ಅವಳು ಎಳೆದದ್ದು ಗಿರಾಕಿ ಕೇಳಿದ ಮಿತಿ. ಕಂಟ್ರೋಲ್ ಮಿತಿ ಹುಟ್ಟಬೇಕಾದ್ದು ಮಷಿನ್‌ನ ಸ್ವಂತ ಏರಿಳಿತದಿಂದ. ಮೇಲಾಗಿ, ಐದರ ಸರಾಸರಿಯ ಏರಿಳಿತ ಬಿಡಿ ಪೀಸಿನ ಏರಿಳಿತದ ಅರ್ಧದಷ್ಟೂ ಇರುವುದಿಲ್ಲ. ಸರಾಸರಿಗಳೆಲ್ಲ ಆ ಗೆರೆಗಳ ಒಳಗಿದ್ದೂ ಪೀಸುಗಳು ರಿಜೆಕ್ಟ್ ಆಗಬಹುದು. ಅವಳ ಚಾರ್ಟಿನಲ್ಲೇ ಏಳು ಚುಕ್ಕಿಗಳು ಒಂದರ ಮೇಲೊಂದು ಏರುತ್ತಾ ಹೋಗಿದ್ದವು. ಟೂಲಿನ ಇನ್ಸರ್ಟ್ ಸವೆಯುತ್ತಿತ್ತು. ಸತತ ಏಳು ಚುಕ್ಕಿ ಒಂದೇ ದಿಕ್ಕಿಗೆ ಸಾಗಿದರೆ ಕಾರಣ ಹುಡುಕಬೇಕೆಂಬ ನಿಯಮ ಕೇಳಿದೆ, ತಡವರಿಸದೆ ಹೇಳಿದಳು. ತಾನೇ ಇಟ್ಟ ಏಳು ಚುಕ್ಕಿ ಮಾತ್ರ ಅವಳಿಗೆ ಕಂಡಿರಲಿಲ್ಲ.

ಹೇಗೆ ಕಂಡೀತು ಹೇಳಿ? ಪರೀಕ್ಷೆಯಲ್ಲಿ ಅಂಕಿಗಳ ಕೋಷ್ಟಕ ಅಚ್ಚಾಗಿಯೇ ಬಂದಿರುತ್ತದೆ. 0.577, 2.114 ಎಂಬ ಸ್ಥಿರಾಂಕಗಳನ್ನು ಗುಣಿಸಿ, ಗೆರೆ ಎಳೆದು, ಹೊರಗೆ ಬಿದ್ದ ಚುಕ್ಕಿಯನ್ನು ಕೈಬಿಟ್ಟು, ಮತ್ತೆ ಲೆಕ್ಕ ಹಾಕಿದರೆ ಪೂರ್ತಿ ಅಂಕ. ಯಾರು ಅಳೆದರು, ಯಾವ ಮೈಕ್ರೋಮೀಟರಿನಲ್ಲಿ, ಆ ಹೊತ್ತಿನಲ್ಲಿ ಮಷಿನ್‌ನಲ್ಲಿ ಏನು ಬದಲಾಗಿತ್ತು ಎಂದು ಯಾರೂ ಕೇಳುವುದಿಲ್ಲ. ಕಾರಣ ಪತ್ತೆಯಾಗದೆ ಆ ಚುಕ್ಕಿಯನ್ನು ಕೈಬಿಡಲು ನಮಗೆ ಕಾರ್ಖಾನೆಯಲ್ಲಿ ಹಕ್ಕೇ ಇಲ್ಲ. ವಿದ್ಯಾರ್ಥಿ ಕಲಿಯಬೇಕಾದ್ದೆಲ್ಲ ಆ ಒಂದು ಚುಕ್ಕಿಯಲ್ಲೇ ಇದೆ, ಅದನ್ನೇ ಅಳಿಸಿಬಿಡಿ ಎಂದು ಕಲಿಸುತ್ತಿದ್ದೇವೆ.

ಈ ವಿದ್ಯೆ ಹುಟ್ಟಿದ್ದೇ ಕಾರ್ಖಾನೆಯಲ್ಲಿ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ ಬರೆದದ್ದು ಟೆಲಿಫೋನ್ ಉಪಕರಣಗಳ ತಪಾಸಣೆಗಾಗಿ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಶೂಹಾರ್ಟ್ ಭಾರತಕ್ಕೇ ಬಂದಿದ್ದರು. ಗುಣಮಟ್ಟ ತಜ್ಞ ಡೆಮಿಂಗ್ ಜಪಾನಿನ ಇಂಜಿನಿಯರುಗಳಿಗೆ ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟದ್ದು ಅದಾದ ಮೇಲೆ, 1950ರಲ್ಲಿ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಗುಣಮಟ್ಟ ನಿಯಂತ್ರಣ ಘಟಕ ಬೆಂಗಳೂರಿನಲ್ಲೇ ಇದೆ. ಇಷ್ಟು ಹತ್ತಿರವಿರುವ ವಿದ್ಯೆ ನಮ್ಮ ತರಗತಿಗಳಲ್ಲಿ ಬರೀ ಸೂತ್ರವಾಗಿ ಉಳಿದಿರುವುದು ನನಗೆ ಸಹಿಸಲಾಗದ ಸಂಗತಿ.

ನಾನು ಕೇಳುವುದಕ್ಕೆ ದೊಡ್ಡ ಖರ್ಚಿಲ್ಲ. ತಮ್ಮ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಲೇತ್ ಇದೆ, ಮೈಕ್ರೋಮೀಟರ್ ಇದೆ. ವಿದ್ಯಾರ್ಥಿಗಳು ತಾವೇ ಟರ್ನ್ ಮಾಡಿದ ಪೀಸುಗಳನ್ನು ತಾವೇ ಅಳೆಯಲಿ. ಒಂದೇ ಪೀಸನ್ನು ಇಬ್ಬರು ಅಳೆದಾಗ ಎರಡು ಅಂಕಿ ಬರುತ್ತದೆ. ಮಷಿನ್ ಮೇಲೆ ದೂರು ಹೇಳುವ ಮೊದಲು ಅಳತೆಯನ್ನೇ ಅನುಮಾನಿಸಬೇಕೆಂದು ಅಲ್ಲೇ ಗೊತ್ತಾಗುತ್ತದೆ. ಚಾರ್ಟನ್ನು ಕೈಯಲ್ಲೇ ಬರೆಯಲಿ, ಯಾವ ಚುಕ್ಕಿಯ ಹೊತ್ತಿಗೆ ಟೂಲ್ ಬದಲಾಯಿತು, ಯಾವಾಗ ಕರೆಂಟ್ ಹೋಗಿತ್ತು ಎಂದು ಅದರ ಪಕ್ಕದಲ್ಲೇ ನಮೂದಿಸಲಿ. ಈ ವಿಷಯದ ಅರ್ಧ ಅಂಕ ಆ ಹಾಳೆಗೂ ಅದರ ಮೇಲಿನ ಮೌಖಿಕ ಪರೀಕ್ಷೆಗೂ ಇರಲಿ.

ಡೆಮಿಂಗ್ ಅವರ ಫನೆಲ್ ಪ್ರಯೋಗವನ್ನೂ ತರಗತಿಯಲ್ಲಿ ಮಾಡಿಸಿ. ಒಂದು ಆಲಿಕೆ, ಒಂದು ಗೋಲಿ, ಗುರಿ ಬರೆದ ಕಾಗದ ಇದ್ದರೆ ಸಾಕು. ಗೋಲಿ ಗುರಿ ತಪ್ಪಿದಷ್ಟೇ ದೂರ ಆಲಿಕೆಯನ್ನು ಪ್ರತಿ ಸಲವೂ ಎದುರು ದಿಕ್ಕಿಗೆ ಸರಿಸುತ್ತಾ ಹೋದರೆ ಚದುರುವಿಕೆ ಕಡಿಮೆಯಾಗುವುದಿಲ್ಲ, ಅದರ ವೇರಿಯನ್ಸ್ ಎರಡು ಪಟ್ಟಾಗುತ್ತದೆ. ನಮ್ಮ ಶಾಪ್ ಫ್ಲೋರ್‌ನಲ್ಲಿ ನಡೆಯುವುದೂ ಇದೇ. ಒಂದು ಪೀಸ್ ಐದು ಮೈಕ್ರಾನ್ ಜಾಸ್ತಿ ಬಂತೆಂದು ಆಪರೇಟರ್ ಆಫ್‌ಸೆಟ್ ಇಳಿಸುತ್ತಾನೆ, ಮುಂದಿನದು ಕಡಿಮೆ ಬಂತೆಂದು ಏರಿಸುತ್ತಾನೆ. ಸುಮ್ಮನೆ ಬಿಡಪ್ಪಾ ಎಂದು ಅವನಿಗೆ ಹೇಳಬೇಕಾದವನು ಇಂಜಿನಿಯರ್. ಅಷ್ಟು ಹೇಳುವ ಧೈರ್ಯ ಗೋಲಿ ಚದುರಿದ್ದನ್ನು ಕಣ್ಣಾರೆ ಕಂಡವನಿಗೆ ಬರುತ್ತದೆ.

ಬೋಧಕರ ಪರವಾಗಿಯೂ ಒಂದು ಮಾತು. ಕಾರ್ಖಾನೆಯಲ್ಲಿ ಒಂದು ಶಿಫ್ಟ್ ಕೂಡ ನಿಂತು ನೋಡುವ ಅವಕಾಶವನ್ನೇ ಕೊಡದೆ ಅವರಿಂದ ಇದನ್ನೆಲ್ಲ ನಿರೀಕ್ಷಿಸುವುದು ನ್ಯಾಯವಲ್ಲ. ರಜೆಯಲ್ಲಿ ಎರಡು ವಾರ ಅವರನ್ನು ಕೈಗಾರಿಕೆಗಳಿಗೆ ಕಳಿಸಿ, ಅದನ್ನು ಕರ್ತವ್ಯದ ದಿನಗಳೆಂದೇ ಪರಿಗಣಿಸಿ. ನಮ್ಮ ಯೂನಿಟ್‌ಗೆ ಬರುವುದಾದರೆ ಮಾಲೀಕರು ಒಪ್ಪಿದ್ದಾರೆ. ನಿಜವಾದ ಅಳತೆಯ ಹಾಳೆಗಳನ್ನೂ ರಿಜೆಕ್ಟ್ ಆದ ಬುಷ್‌ಗಳನ್ನೂ ತಮ್ಮ ಕಾಲೇಜುಗಳಿಗೆ ಕೊಡಲು ಸಿದ್ಧರಿದ್ದೇವೆ. ಮುಂದಿನ ಪಠ್ಯಕ್ರಮ ಪರಿಷ್ಕರಣೆಯ ಸಭೆಯಲ್ಲಿ ಈ ಪತ್ರವನ್ನು ಚರ್ಚೆಗೆ ತೆಗೆದುಕೊಂಡು, ಏನು ತೀರ್ಮಾನಿಸಿದಿರೆಂದು ಬಹಿರಂಗವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪೀಣ್ಯದ ಒಬ್ಬ ಗುಣಮಟ್ಟ ಇಂಜಿನಿಯರ್