ನಾ ಗಾಂಜಾದ ಗಿರಾಕಿ ಅಲ್ರಿ

ಕಾತ್ರಜದ ನಮ್ಮ ಸೊಸೈಟಿಯ ವಾಚ್‌ಮನ್ ಮಾಮಾ ಇಂಡಿ ತಾಲೂಕಿನವರು. ಪುಣೆಗೆ ಬಂದು ಇಪ್ಪತ್ತು ವರ್ಷವಾದರೂ ನನ್ನ ಜೊತೆ ಮಾತು ಕನ್ನಡದಲ್ಲೇ. ಹೋದ ತಿಂಗಳು ಗೇಟಿನ ಬಳಿ ನಿಂತು ಅವರಿಗೊಂದು ವಾಕ್ಯ ಓದಿ ಹೇಳಿದೆ: "ವಿಕಿರಣಶೀಲ ಔಷಧವನ್ನು ಚುಚ್ಚುಮದ್ದಿನ ಮೂಲಕ ನೀಡಿ ತಮ್ಮ ಮಿದುಳಿನಲ್ಲಿರುವ ಗಾಂಜಾ ಗ್ರಾಹಕಗಳನ್ನು ಚಿತ್ರಿಸಲಾಗುವುದು."

ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾ ಗಾಂಜಾದ ಗಿರಾಕಿ ಅಲ್ರಿ ಮೇಡಂ. ಬೇಕಾರ ನಮ್ಮೂರಾಗ ಕೇಳ್ರಿ" ಅಂದರು.

ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಆ ವಾಕ್ಯ ಬಂದದ್ದು ಅನುವಾದ ಏಜೆನ್ಸಿಯೊಂದು ನನಗೆ ಕೊಟ್ಟ ಪರೀಕ್ಷೆಯಿಂದ. ಕ್ಯಾನಬಿನಾಯ್ಡ್ ರಿಸೆಪ್ಟರುಗಳನ್ನು ಪೆಟ್ ಸ್ಕ್ಯಾನಿನಲ್ಲಿ ನೋಡಲು ಬಳಸುವ ಹೊಸ ಟ್ರೇಸರ್ ಒಂದರ ಅಧ್ಯಯನಕ್ಕೆ ಸೇರುವವರಿಗೆ ಕೊಡುವ ಮಾಹಿತಿಪತ್ರದ ಮಾದರಿ ಅದು. ಜೊತೆಗೆ, ಇದೇ ಪದ ಬಳಸಬೇಕೆಂಬ ಪಟ್ಟಿ. ಪಟ್ಟಿಯನ್ನು ಪಾಲಿಸಿದರೆ ಮೇಲಿನ ವಾಕ್ಯ ಬರುತ್ತದೆ. ನಾನು ಪಾಲಿಸದೆ ಬಿಡಿಸಿ ಬರೆದೆ, ಫೇಲಾದೆ. ಕಾರಣ: ಪದಪಟ್ಟಿಯ ಉಲ್ಲಂಘನೆ.

ಫೇಲಾದ ಸಿಟ್ಟಿಗೆ ಬರೆಯುತ್ತಿದ್ದೇನೆ ಅಂದುಕೊಳ್ಳಿ, ಬೇಸರವಿಲ್ಲ. ಆದರೆ ಆ ಪಟ್ಟಿಯ ಮೂರು ಪದಗಳನ್ನು ನನ್ನ ಜೊತೆ ಕೂತು ನೋಡಿ.

ಮೊದಲನೆಯದು "ಗ್ರಾಹಕ". ಕನ್ನಡದಲ್ಲಿ ಗ್ರಾಹಕ ಎಂದರೆ ಅಂಗಡಿಗೆ ಬಂದು ಕೊಳ್ಳುವವನು. ಜೀವಶಾಸ್ತ್ರದ ಪಠ್ಯದಲ್ಲಿ ಮಾತ್ರ ಅದು ಜೀವಕೋಶದ ಪೊರೆಯಲ್ಲಿದ್ದು ರಾಸಾಯನಿಕ ಸಂದೇಶವನ್ನು ಹಿಡಿದುಕೊಳ್ಳುವ ಪ್ರೋಟೀನು. ಅದರ ಹಿಂದೆ ಗಾಂಜಾ ಸೇರಿಸಿದರೆ ಪದ ಆರೋಪವಾಗುತ್ತದೆ. 1985ರ ಮಾದಕವಸ್ತು ಕಾಯ್ದೆ ಇರುವ ದೇಶದಲ್ಲಿ "ನಿಮ್ಮ ತಲೆಯಲ್ಲಿ ಗಾಂಜಾ ಗ್ರಾಹಕರಿದ್ದಾರೆ" ಎಂದು ಕೇಳಿಸಿದವನು ಬೆಚ್ಚದೆ ಇರುತ್ತಾನೆಯೇ?

ಇದರಲ್ಲಿ ಇಂಗ್ಲಿಷಿನ ಪಾಲೂ ಇದೆ. ಈ ಪ್ರೋಟೀನಿಗೆ ಗಿಡದ ಹೆಸರು ಬಂದದ್ದು ಶೋಧದ ಸರದಿಯಿಂದ. ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿಯನ್ನು ಇಸ್ರೇಲಿನ ಗಾವೋನಿ ಮತ್ತು ಮೆಶುಲಮ್ 1964ರಲ್ಲಿ ಬೇರ್ಪಡಿಸಿ ರಚನೆ ತಿಳಿಸಿದರು. ಅದು ಅಂಟುವ ಸಿಬಿ-1 ಎಂಬ ಪ್ರೋಟೀನಿನ ಜೀನು 1990ರಲ್ಲಿ ಸಿಕ್ಕಿತು. ಅಲ್ಲಿಗೆ ಅಂಟಲೆಂದು ನಮ್ಮ ದೇಹವೇ ತಯಾರಿಸುವ ರಾಸಾಯನಿಕ ಸಿಕ್ಕಿದ್ದು 1992ರಲ್ಲಿ. ಅದಕ್ಕೆ ಜೆರುಸಲೇಮಿನ ಆ ತಂಡ ಇಟ್ಟ ಹೆಸರು ಆನಂದಮೈಡ್, ನಮ್ಮ "ಆನಂದ"ದಿಂದಲೇ. ಅಂದರೆ ಗಾಂಜಾ ಮುಟ್ಟದವರ ಮಿದುಳಿನಲ್ಲೂ ಸಿಬಿ-1 ಇದೆ. ಹಸಿವು, ನೋವು, ನೆನಪುಗಳ ವ್ಯವಹಾರದಲ್ಲಿ ಅದಕ್ಕೆ ಪಾತ್ರವಿದೆ. ಪಕ್ಕದ ಮನೆಯ ಕೀಲಿಕೈ ನಮ್ಮ ಬೀಗಕ್ಕೂ ಹೊಂದಿತೆಂದು ಮನೆ ಪಕ್ಕದವರದಾಗುವುದಿಲ್ಲ.

ಟ್ರೇಸರಿನ ಕಥೆಯೇ ಇದಕ್ಕೆ ಸಾಕ್ಷಿ. 1990ರ ದಶಕದ ಆರಂಭದಲ್ಲಿ ಟಿಎಚ್‌ಸಿ ಜಾತಿಯ ಅಣುವಿಗೇ ವಿಕಿರಣಶೀಲ ಫ್ಲೋರಿನ್ ಜೋಡಿಸಿ ಬಬೂನ್ ಕೋತಿಗಳ ಮಿದುಳನ್ನು ನೋಡುವ ಪ್ರಯತ್ನ ನಡೆಯಿತು. ದಾರಿ ಫಲಿಸಲಿಲ್ಲ. ಇಂಥ ಅಣು ಕೊಬ್ಬಿನಲ್ಲಿ ಸುಲಭವಾಗಿ ಕರಗುತ್ತದೆ, ಮಿದುಳಲ್ಲಿ ಕೊಬ್ಬು ಬೇಕಾದಷ್ಟಿದೆ. ಬೇಕಾದ ಜಾಗಕ್ಕೆ ಅಂಟಿದ್ದೆಷ್ಟು, ಸುಮ್ಮನೆ ಕೊಬ್ಬಿನಲ್ಲಿ ಸೇರಿಕೊಂಡಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಕೊನೆಗೆ ಕೈಹಿಡಿದದ್ದು ಸಿಬಿ-1ರ ಕೆಲಸವನ್ನು ತಡೆಯುವ ಅಣುಗಳು. ಬೊಜ್ಜು ಇಳಿಸಲು 2006ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂದು, ಖಿನ್ನತೆ ಮತ್ತು ಆತ್ಮಹತ್ಯೆಯ ಯೋಚನೆಗಳ ಕಾರಣಕ್ಕೆ 2008ರಲ್ಲಿ ವಾಪಸಾದ ರಿಮೊನಬಾಂಟ್ ಇದೇ ಬಗೆಯ ಔಷಧ. ಮನುಷ್ಯರಲ್ಲಿ ಬಳಸಿದ ಓಮಾರ್ ಎಂಬ ಟ್ರೇಸರ್ ಅದರ ಸಂಬಂಧಿ. "ಗಾಂಜಾ ಗ್ರಾಹಕ"ವನ್ನು ಕಾಣಿಸಿಕೊಟ್ಟದ್ದು ಗಾಂಜಾಕ್ಕೆ ಅಡ್ಡ ನಿಲ್ಲುವ ಅಣುಗಳು!

ಎರಡನೆಯದು "ಔಷಧ". ಪಟ್ಟಿಯ ಪ್ರಕಾರ ಟ್ರೇಸರ್ ಎಂದರೆ "ವಿಕಿರಣಶೀಲ ಔಷಧ". ಇದು ಮೂರರಲ್ಲಿ ಅತಿ ಅಪಾಯದ ಪದ. ಟ್ರೇಸರ್ ಯಾವುದನ್ನೂ ಗುಣ ಮಾಡುವುದಿಲ್ಲ. ಅದರ ಪ್ರಮಾಣ ಮೈಕ್ರೊಗ್ರಾಂ ಲೆಕ್ಕದ್ದು. ದೇಹದ ಮೇಲೆ ಪರಿಣಾಮ ಆಗಬಾರದೆಂದೇ ಅಷ್ಟು ಕಡಿಮೆ ಕೊಡುತ್ತಾರೆ. ಇಂಥ ಅಧ್ಯಯನಕ್ಕೆ ಬರುವ ಆರೋಗ್ಯವಂತನಿಗೆ ಚಿಕಿತ್ಸೆಯ ಲಾಭ ಸೊನ್ನೆ, ವಿಕಿರಣ ಮಾತ್ರ ಅವನ ಪಾಲಿಗೆ, ಅದೆಷ್ಟೇ ಸಣ್ಣದಿರಲಿ. ಅವನು ಒಪ್ಪುವುದಾದರೆ ಇದನ್ನು ತಿಳಿದು ಒಪ್ಪಬೇಕು. "ಔಷಧ" ಎಂದು ಬರೆದರೆ ಮಂಡಿನೋವಿನ ಮಾಮಾ "ಆರಾಮ ಆಗ್ತದೇನ್ರಿ?" ಎಂದು ಕೇಳುತ್ತಾರೆ. ಕೇಳಿದರು ಕೂಡ. ಹೀಗೆ ಪಡೆದ ಹೆಬ್ಬೆಟ್ಟಿಗೆ ಸಮ್ಮತಿ ಎಂದು ಹೆಸರಿಡುವುದು ಮೋಸ.

ಮೂರನೆಯದು "ಅರ್ಧಾಯು". ಫ್ಲೋರಿನ್-18ರ ಅರ್ಧಾಯು ಸುಮಾರು 110 ನಿಮಿಷ, ಕಾರ್ಬನ್-11ರದ್ದು 20 ನಿಮಿಷ. ವಿಜ್ಞಾನ ಓದಿದವರಿಗೆ ಸರಿ. ಸೂಜಿಗೆ ತೋಳು ಚಾಚಿ ಕೂತವನಿಗೆ ಆ ಪದದಲ್ಲಿ ಕೇಳಿಸುವುದು ತನ್ನದೇ ಆಯುಷ್ಯ. "ಸುಮಾರು ಎರಡು ತಾಸಿಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ, ಮರುದಿನದ ಹೊತ್ತಿಗೆ ಹೆಚ್ಚುಕಡಿಮೆ ಏನೂ ಉಳಿಯದು" ಎಂದು ಬರೆಯಲು ಯಾವ ಪಾರಿಭಾಷಿಕ ಕೋಶ ಬೇಕು?

ಇಷ್ಟು ಕೆಟ್ಟ ಅನುವಾದ ಹೇಗೆ ಪಾಸಾಗುತ್ತದೆ? ಪರೀಕ್ಷಿಸುವ ವಿಧಾನವೇ ಹಾಗಿದೆ. ಕನ್ನಡಕ್ಕೆ ತಂದದ್ದನ್ನು ಇನ್ನೊಬ್ಬ ಅನುವಾದಕ ಮತ್ತೆ ಇಂಗ್ಲಿಷಿಗೆ ತರುತ್ತಾನೆ. ಎರಡೂ ಇಂಗ್ಲಿಷು ಹೊಂದಿದರೆ ಸರಿ. "ಗ್ರಾಹಕ" ನೇರವಾಗಿ ರಿಸೆಪ್ಟರ್ ಆಗಿ ಮರಳುತ್ತದೆ. "ಸಂದೇಶ ಹಿಡಿಯುವ ತಾಣ" ಎಂದು ನಾನು ಬರೆದದ್ದು ಬೇರೆ ರೂಪದಲ್ಲಿ ಮರಳುತ್ತದೆ, ಕೆಂಪು ಗೆರೆ ಬೀಳುತ್ತದೆ. ಕನ್ನಡ ಎಷ್ಟು ಯಾಂತ್ರಿಕವೋ ಅಷ್ಟು ಅಂಕ. ಈ ಪರೀಕ್ಷೆಯಲ್ಲಿ ಕನ್ನಡ ಓದುವವನು ಎಲ್ಲಿಯೂ ಇಲ್ಲ. ಇಂಗ್ಲಿಷು ಮನೆಯಿಂದ ಹೊರಟು ಸುರಕ್ಷಿತವಾಗಿ ಮನೆಗೆ ಮರಳಿತೋ ಎಂದಷ್ಟೇ ನೋಡುತ್ತಾರೆ.

ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯೂ 2019ರ ಔಷಧ ಪ್ರಯೋಗಗಳ ನಿಯಮಗಳೂ ಕೇಳುವುದು ಭಾಗವಹಿಸುವವನಿಗೆ ಅರ್ಥವಾಗುವ ಭಾಷೆಯನ್ನು. ಕನ್ನಡ ಲಿಪಿಯಲ್ಲಿದ್ದರೆ ಸಾಕು ಎಂಬುದು ನಾವು ಮಾಡಿಕೊಂಡ ಅನುಕೂಲ.

ಕನ್ನಡದಲ್ಲಿ ಪದಗಳೇ ಇಲ್ಲ, ರಿಸೆಪ್ಟರ್ ಎಂದೇ ಇಡಿ ಅನ್ನುವವರಿದ್ದಾರೆ. ಇಡಿ, ತಕರಾರಿಲ್ಲ, ಆದರೆ ಒಮ್ಮೆ ವಿವರಿಸಿ ಆಮೇಲೆ ಇಡಿ. ಅಚ್ಚಗನ್ನಡದ ಹೊಸ ಪದ ಕಟ್ಟೋಣ ಅನ್ನುವ ಗೆಳೆಯರಿಗೂ ಇದೇ ಉತ್ತರ. ಪದ ಎಲ್ಲಿಂದ ಬಂತೆಂಬ ಜಗಳ ನಮ್ಮದು, ಓದುವವನದಲ್ಲ. ಬಿಡಿಸಿ ಬರೆದರೆ ಪುಟ ಹೆಚ್ಚುತ್ತದೆ, ಖರ್ಚು ಹೆಚ್ಚುತ್ತದೆ ಎಂಬುದು ಮಾತ್ರ ನಿಜವಾದ ಆಕ್ಷೇಪ. ಹೌದು, ಹೆಚ್ಚುತ್ತದೆ. ಕೆಲವೇ ತಾಸು ಬಾಳುವ ಟ್ರೇಸರಿಗಾಗಿ ಸೈಕ್ಲೊಟ್ರಾನ್ ನಡೆಸುವ ಬಜೆಟ್ಟಿನಲ್ಲಿ ಎರಡು ಪುಟ ಕನ್ನಡ ದುಬಾರಿಯೇ?

ಕಳಕೊಳ್ಳುವುದು ಒಂದು ಸಹಿಯಷ್ಟೇ ಅಲ್ಲ. 2012ರಲ್ಲಿ ಅಮೆರಿಕದ ಸಂಶೋಧಕರು ಇಂಥ ಟ್ರೇಸರಿನಿಂದಲೇ ದಿನವೂ ಗಾಂಜಾ ಸೇದುವವರ ಮಿದುಳನ್ನು ನೋಡಿದರು. ಮಿದುಳಿನ ಹೊರಪದರದಲ್ಲಿ ಟ್ರೇಸರ್ ಹಿಡಿದುಕೊಳ್ಳುವ ಸಿಬಿ-1 ಸುಮಾರು ಶೇ. 20ರಷ್ಟು ಕಡಿಮೆ ಕಂಡಿತು. ನಾಲ್ಕು ವಾರ ಬಿಟ್ಟವರಲ್ಲಿ ಬಹುಪಾಲು ಚೇತರಿಸಿತ್ತು. "ಮಿದುಳು ಸುಟ್ಟುಹೋಯಿತು" ಎಂದು ಅಳುವ ತಾಯಿಗೂ, "ಏನೂ ಆಗಲ್ಲ, ಗಿಡಮೂಲಿಕೆ" ಎನ್ನುವ ಮಗನಿಗೂ ಇದು ತಲುಪಬೇಕಾದ ಸುದ್ದಿ. "ಗ್ರಾಹಕಗಳ ಅಧೋನಿಯಂತ್ರಣ" ಎಂದರೆ ಇಬ್ಬರಿಗೂ ತಲುಪದು.

ನನ್ನ ಬೇಡಿಕೆ ಒಂದೇ. ಕನ್ನಡದ ಯಾವ ಸಮ್ಮತಿಪತ್ರವನ್ನೂ, ವೈದ್ಯಕೀಯ ಓದದ ಇಬ್ಬರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದನ್ನು ಬರೆದುಕೊಳ್ಳದೆ, ನೈತಿಕ ಸಮಿತಿಗಳು ಒಪ್ಪಬಾರದು. ಆ ಇಬ್ಬರಿಗೆ ಅವರ ಹೊತ್ತಿನ ಕೂಲಿ ಕೊಡಬೇಕು.

ಮರುವಾರ ಮಾಮಾಗೆ ಇನ್ನೊಮ್ಮೆ ಹೇಳಿದೆ. ಸೊಸೈಟಿಯ ಟಾಕಿ ಸೋರುವಾಗ ಪ್ಲಂಬರ್ ಬಣ್ಣದ ನೀರು ಬಿಟ್ಟು ಬಿರುಕು ಹುಡುಕಿದ್ದನ್ನು ನೆನಪಿಸಿದೆ. ಅವರು ಕೇಳಿದ ಪ್ರಶ್ನೆಗಳು ಮೂರು: "ಬಣ್ಣ ಹೊರಗ ಹೋಗಾಕ ಎಷ್ಟೊತ್ತು? ಅದರಿಂದ ನನಗೇನು ಬರ್ತದ? ಒಲ್ಲೆ ಅಂದ್ರ ಸಿಟ್ಟಾಗ್ತಾರೇನ್ರಿ?"

ಮಾಹಿತಿಪತ್ರ ಉತ್ತರಿಸಬೇಕಾದದ್ದು ಈ ಮೂರಕ್ಕೇ.