ಗಿರಣಿ ಹೋಯಿತು, ಹೆಸರು ಉಳಿಯಿತು, ಲೆಕ್ಕ ಎಲ್ಲಿ?

ಯಾವುದೇ ವ್ಯಾಪಾರ ಸಂಸ್ಥೆಯ ಆಸ್ತಿ-ಹೊಣೆ ತಖ್ತೆಯಲ್ಲಿ ಕಾಣಿಸಿಕೊಳ್ಳದ ಆಸ್ತಿಯೊಂದಿದೆ. ಅದು ಸಂಸ್ಥೆಯು ತಾನೇ ದುಡಿದು ಗಳಿಸಿದ ಹೆಸರು. ಹಣ ತೆತ್ತು ಕೊಂಡ ಗುಡ್‌ವಿಲ್ಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ಸ್ವತಃ ಬೆಳೆಸಿಕೊಂಡ ಹೆಸರನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನದಂಡಗಳು ಅವಕಾಶ ನೀಡುವುದಿಲ್ಲ. ಊರುಗಳ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಒಂದು ಊರು ತಲೆಮಾರುಗಳ ಶ್ರಮದಿಂದ ಗಳಿಸಿದ ಹೆಸರು ಯಾವ ತಖ್ತೆಯಲ್ಲೂ ಇರುವುದಿಲ್ಲ. ಆದ್ದರಿಂದಲೇ ಅದು ಕಳೆದುಹೋದಾಗ ನಷ್ಟವೆಂದು ಯಾರೂ ಬರೆದುಕೊಳ್ಳುವುದಿಲ್ಲ.

ನಮ್ಮ ಕಲಬುರಗಿಯನ್ನೇ ನೋಡೋಣ. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಮಾರ್ಗವು ರಾಯಚೂರಿನಲ್ಲಿ ಮದ್ರಾಸ್ ಮಾರ್ಗವನ್ನು ಕೂಡಿಕೊಂಡಿತು. ಆ ದಾರಿಯಲ್ಲಿದ್ದ ಅಂದಿನ ಗುಲ್ಬರ್ಗಾಕ್ಕೆ ಎರಡು ದೊಡ್ಡ ಪೇಟೆಗಳ ಸಂಪರ್ಕ ದೊರೆಯಿತು. ಸುತ್ತಲೂ ಹತ್ತಿ ಬೆಳೆಯುವ ಕಪ್ಪು ಮಣ್ಣು, ಪಕ್ಕದಲ್ಲೇ ರೈಲು. ಇವೆರಡರ ಬಲದಿಂದ 1880ರ ದಶಕದಲ್ಲಿ ಇಲ್ಲಿ ನೂಲುವ ಮತ್ತು ನೇಯುವ ಗಿರಣಿ ತಲೆಯೆತ್ತಿತು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಅದಕ್ಕೆ ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್ಸ್ ಎಂದು ನಾಮಕರಣವಾಯಿತು. ನಿಜಾಮರ ಆಡಳಿತ, 1948ರ ವಿಲೀನ, 1956ರ ರಾಜ್ಯ ಪುನರ್ವಿಂಗಡಣೆ, ಇವೆಲ್ಲವನ್ನೂ ಕಂಡ ಆ ಗಿರಣಿಯು 1974ರ ಶಾಸನದ ಮೂಲಕ ರೋಗಗ್ರಸ್ತ ಗಿರಣಿಗಳ ಸಾಲಿನಲ್ಲಿ ರಾಷ್ಟ್ರೀಕರಣಗೊಂಡು ರಾಷ್ಟ್ರೀಯ ಜವಳಿ ನಿಗಮದ ಪಾಲಾಯಿತು. ಇಂದು ಅದು ಇಲ್ಲ. ಒಂದು ರಸ್ತೆಯ, ಒಂದು ಬಡಾವಣೆಯ ಗುರುತಾಗಿ ಮಾತ್ರ ‘ಎಂ.ಎಸ್.ಕೆ. ಮಿಲ್’ ಎಂಬ ಹೆಸರು ಆಟೋ ಚಾಲಕರ ಬಾಯಲ್ಲಿ ಉಳಿದಿದೆ. ಆ ಮೂರು ಅಕ್ಷರಗಳನ್ನು ಬಿಡಿಸಿ ಹೇಳಬಲ್ಲ ಯುವಕರು ಅಪರೂಪ.

ಹಳೆಯ ಗಿರಣಿಯ ಮಾತು ಈಗೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. 2023ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಪಿಎಂ ಮಿತ್ರ ಯೋಜನೆಯಡಿ ದೇಶದ ಏಳು ಬೃಹತ್ ಜವಳಿ ಪಾರ್ಕ್‌ಗಳ ಸ್ಥಳಗಳನ್ನು ಪ್ರಕಟಿಸಿತು. 4,445 ಕೋಟಿ ರೂಪಾಯಿಗಳ ಆ ಯೋಜನೆಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ, ಸುಮಾರು 1,000 ಎಕರೆಯಲ್ಲಿ. ಹೊರಗಿನಿಂದ ಬಂಡವಾಳ ಹೂಡಲು ಬರುವವನು ನೆಲದ ಬೆಲೆ, ನೀರು, ವಿದ್ಯುತ್ ದರಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಈ ಊರಿಗೆ ಬಟ್ಟೆಯ ಕಸುಬು ಗೊತ್ತೇ? ಒಂದೂಕಾಲು ಶತಮಾನಕ್ಕೂ ಹಿಂದೆಯೇ ಗೊತ್ತಿತ್ತು ಎಂಬುದು ಉತ್ತರ. ಆದರೆ ಆ ಉತ್ತರಕ್ಕೆ ಆಧಾರವಾಗಿ ಅವನ ಮುಂದಿಡಲು ನಮ್ಮ ಕೈಯಲ್ಲಿ ಏನಿದೆ?

ಈ ಸಂದರ್ಭದಲ್ಲಿ ಫ್ರಾನ್ಸಿನ ಪೂರ್ವ ಗಡಿಯ ಮುಲೂಜ್ ಎಂಬ ಊರಿನ ವೃತ್ತಾಂತವು ವಿಚಾರಯೋಗ್ಯವಾಗಿದೆ. ಹದಿನೇಳನೆಯ ಶತಮಾನದಲ್ಲಿ ಭಾರತದ ಅಚ್ಚುಬಟ್ಟೆ ಯುರೋಪಿನ ಪೇಟೆಗಳನ್ನು ಗೆದ್ದಿತು. ಫ್ರಾನ್ಸಿನಲ್ಲಿ ಅದಕ್ಕೆ ‘ಇಂದಿಯೆನ್’ ಎಂದೇ ಹೆಸರು. ತನ್ನ ದೇಶದ ನೇಕಾರರನ್ನು ಉಳಿಸಲೆಂದು ಫ್ರೆಂಚ್ ಅರಸೊತ್ತಿಗೆಯು 1686ರಲ್ಲಿ ಅದನ್ನು ನಿಷೇಧಿಸಿತು. ನಿಷೇಧ 1759ರವರೆಗೆ ನಡೆಯಿತು. ಮುಲೂಜ್ ಅಂದು ಫ್ರಾನ್ಸಿಗೆ ಸೇರದ ಸ್ವತಂತ್ರ ಪುಟ್ಟ ನಗರ. 1746ರಲ್ಲಿ ಅಲ್ಲಿಯ ಕೆಲವು ಯುವಕರು ಈ ಅನುಕೂಲವನ್ನು ಬಳಸಿಕೊಂಡು ಭಾರತೀಯ ಮಾದರಿಯ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆ ತೆರೆದರು. 1798ರಲ್ಲಿ ಊರು ಫ್ರಾನ್ಸಿಗೆ ಸೇರುವ ವೇಳೆಗೆ ಜವಳಿಯೇ ಅದರ ಜೀವಾಳವಾಗಿತ್ತು.

ನಮಗೆ ಮುಖ್ಯವಾದುದು ಇದರ ಮುಂದಿನ ಭಾಗ. 1826ರಲ್ಲಿ ಅಲ್ಲಿಯ ಕಾರ್ಖಾನೆದಾರರು ತಮ್ಮದೇ ಕೈಗಾರಿಕಾ ಸಂಘವನ್ನು ಕಟ್ಟಿಕೊಂಡರು. 1833ರಿಂದ ಆ ಸಂಘವು ಬಟ್ಟೆಯ ನಮೂನೆಗಳನ್ನು ಸಂಗ್ರಹಿಸತೊಡಗಿತು. ಇಪ್ಪತ್ತನೆಯ ಶತಮಾನದಲ್ಲಿ ಜವಳಿ ಉದ್ಯಮ ಕುಸಿಯಿತು, ಗಿರಣಿಗಳು ಬಾಗಿಲು ಹಾಕಿದವು. ಆದರೆ ಸಂಗ್ರಹ ಉಳಿದು, 1955ರಲ್ಲಿ ಅಚ್ಚುಬಟ್ಟೆಗಳ ವಸ್ತುಸಂಗ್ರಹಾಲಯವಾಯಿತು. ಬಟ್ಟೆ ಕಂಪನಿಗಳು ಶುಲ್ಕ ತೆತ್ತು ಅಲ್ಲಿಯ ಹಳೆಯ ನಮೂನೆಗಳನ್ನು ಹೊಸ ವಿನ್ಯಾಸಗಳಿಗೆ ಬಳಸಿಕೊಂಡಿವೆ. ಅದಕ್ಕೆ ಬೀಜ ಹಾಕಿದವರು ಅರಸರೂ ಅಲ್ಲ, ಪಂಡಿತರೂ ಅಲ್ಲ, ವ್ಯಾಪಾರಿಗಳ ಸಂಘ.

ಇತಿಹಾಸದ ದಾಖಲೆಗೆ ಬೆಲೆಯಿದೆ ಎಂಬುದಕ್ಕೆ ನೆಹರು ಗಂಜಿನ ವರ್ತಕರು ದೂರ ಹೋಗಬೇಕಾಗಿಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಈ ಮಾನ್ಯತೆಗೆ ಸಲ್ಲಿಸುವ ಅರ್ಜಿಯಲ್ಲಿ ಸರಕಿನ ಗುಣದ ವಿವರ ಕೊಟ್ಟರೆ ಸಾಲದು. ಅದು ಅದೇ ಊರಿನದೆಂದು ತೋರಿಸುವ ಐತಿಹಾಸಿಕ ದಾಖಲೆಯನ್ನೂ ಒದಗಿಸಬೇಕು. ಯಾವ ವರ್ಷ, ಯಾವ ಸರಕು, ಯಾವ ಊರಿಗೆ, ಯಾವ ದರದಲ್ಲಿ ಹೋಯಿತು ಎಂಬುದನ್ನು ಅಡತ್ ಅಂಗಡಿಯ ಕಿರ್ದಿ-ಖಾತೆಗಳಿಗಿಂತ ಚೆನ್ನಾಗಿ ಹೇಳಬಲ್ಲ ಸಾಕ್ಷಿ ಬೇರೆ ಯಾವುದಿದೆ?

ಆದರೆ ಆ ಸಾಕ್ಷಿ ರದ್ದಿಯ ತಕ್ಕಡಿ ಏರುತ್ತಿದೆ. ಕಂಪನಿ ಕಾಯ್ದೆ ಎಂಟು ವರ್ಷಗಳ ಲೆಕ್ಕ ಪುಸ್ತಕಗಳನ್ನು ಕಾಯ್ದಿಡಲು ಹೇಳುತ್ತದೆ; ಜಿ.ಎಸ್.ಟಿ. ಕಾಯ್ದೆ ವಾರ್ಷಿಕ ವಿವರಣಪತ್ರದ ಗಡುವಿನಿಂದ 72 ತಿಂಗಳು. ಅವಧಿ ಮುಗಿದೊಡನೆ ಗೋದಾಮು ಖಾಲಿ ಮಾಡುವುದು ವಾಡಿಕೆ. ಕಾನೂನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪಿಲ್ಲ. ಕಾನೂನು ಕಾಯುವುದು ತೆರಿಗೆಯನ್ನು, ನೆನಪನ್ನಲ್ಲ. ಫಸಲಿ ವರ್ಷದಲ್ಲಿ, ಹಾಲಿ ಸಿಕ್ಕಾ ರೂಪಾಯಿಯಲ್ಲಿ ಬರೆದ ವಹಿಗಳು ಯಾವ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಅವುಗಳ ಮೋಡಿ ಅಥವಾ ಉರ್ದು ಬರಹವನ್ನು ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇಂದಿನ ಗಣಕಯಂತ್ರದ ಲೆಕ್ಕವಂತೂ ತಂತ್ರಾಂಶ ಬದಲಾದೊಡನೆ ಮಾಯವಾಗುತ್ತದೆ.

ಹಳೆಯ ಪುಸ್ತಕ ಇಟ್ಟುಕೊಂಡರೆ ಇಲಾಖೆಯವರಿಗೆ ನಾವೇ ದಾರಿ ತೋರಿಸಿದಂತಲ್ಲವೇ ಎಂಬ ಶಂಕೆ ಗಂಜಿನಲ್ಲಿ ಸಹಜ. ಕರ ನಿರ್ಧರಣೆಯನ್ನು ಮತ್ತೆ ತೆರೆಯಲು ಕಾನೂನೇ ಕಾಲಮಿತಿ ವಿಧಿಸಿದೆ. ನಲವತ್ತು ವರ್ಷಗಳ ಹಿಂದಿನ ಕಿರ್ದಿಗೆ ಆ ಭಯ ಅನ್ವಯಿಸದು. ಯಾವುದಾದರೂ ವ್ಯಾಜ್ಯ ಬಾಕಿಯಿದ್ದರೆ ಆ ಪುಸ್ತಕಗಳನ್ನು ಹೇಗೂ ಇಟ್ಟುಕೊಳ್ಳಲೇಬೇಕು. ಜಾಗದ ಅಭಾವ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಆದ್ದರಿಂದ ಎಲ್ಲವನ್ನೂ ಇಡಿ ಎಂದು ನಾನು ಹೇಳುತ್ತಿಲ್ಲ.

ನನ್ನ ಸಲಹೆಗಳು ಮೂರು. ಮೊದಲನೆಯದು, ಪ್ರತಿಯೊಂದು ಅಂಗಡಿ, ಪ್ರತಿಯೊಂದು ದಾಲ್ ಮಿಲ್ ಹತ್ತು ವರ್ಷಗಳಿಗೆ ಒಂದು ವರ್ಷದ ಸಂಪೂರ್ಣ ಲೆಕ್ಕವನ್ನು ಶಾಶ್ವತವಾಗಿ ಉಳಿಸಿಕೊಳ್ಳಲಿ. ರದ್ದಿಗೆ ಹಾಕುವ ಮುನ್ನ ಉಳಿದವುಗಳ ಮೊದಲ ಪುಟ, ಕೊನೆಯ ತಖ್ತೆಗಳ ಛಾಯಾಚಿತ್ರ ತೆಗೆದಿಡಲಿ. ಎರಡನೆಯದು, ನಮ್ಮ ವಾಣಿಜ್ಯ ಸಂಸ್ಥೆಯು ಒಂದು ಕೋಣೆಯನ್ನು, ಎರಡು ಕಪಾಟುಗಳನ್ನು ಇದಕ್ಕೆ ಮೀಸಲಿಡಲಿ, ಎಂ.ಎಸ್.ಕೆ. ಗಿರಣಿಯ ದಾಖಲೆಗಳ ಪ್ರತಿಗಳಿಗಾಗಿ ಜವಳಿ ನಿಗಮಕ್ಕೆ ಪತ್ರ ಬರೆಯಲಿ. ಅಲ್ಲಿ ದುಡಿದ ಕಾರ್ಮಿಕರು, ಗುಮಾಸ್ತರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳಲಿ. ಮೂರನೆಯದು, ಹೊಸ ಜವಳಿ ಪಾರ್ಕಿನಲ್ಲಿ ಹಳೆಯ ಗಿರಣಿಯ ಸ್ಮರಣೆಗೆ ಒಂದು ಸ್ಥಾನವಿರಲಿ ಎಂದು ಈಗಲೇ ಸರಕಾರಕ್ಕೆ ಮನವಿ ಸಲ್ಲಿಸಲಿ.

ಇದು ಕೇವಲ ಅಭಿಮಾನದ ಮಾತಲ್ಲ. ಎಂ.ಎಸ್.ಕೆ. ಗಿರಣಿ ಏಕೆ ಸೋತಿತು? ಯಂತ್ರಗಳು ಹಳತಾದವೇ, ವಿದ್ಯುತ್ ಮಗ್ಗಗಳ ಪೈಪೋಟಿ ಮುರಿಯಿತೇ, ಆಡಳಿತ ಎಡವಿತೇ, ಯಾವುದರ ಪಾಲು ಎಷ್ಟು? ಊಹೆಗಳು ಎಷ್ಟಾದರೂ ಇರಬಹುದು. ಅಂಕಿಗಳನ್ನು ಲೆಕ್ಕ ಪುಸ್ತಕವೇ ಹೇಳಬೇಕು. ಸಾವಿರ ಎಕರೆಯ ಹೊಸ ಸಾಹಸಕ್ಕೆ ಕೈಹಾಕಿರುವ ಊರು ತನ್ನ ಹಿಂದಿನ ಸಾಹಸದ ಲಾಭ-ನಷ್ಟವನ್ನು ಓದದೆ ಮುಂದುವರಿಯುವುದು, ಹಿಂದಿನ ವರ್ಷದ ಶಿಲ್ಕು ತಾರದೆ ಹೊಸ ಖಾತೆ ತೆರೆದಂತೆ. ಅಂಥ ಲೆಕ್ಕ ಎಂದೂ ತಾಳೆಯಾಗದು. ಈ ದೀಪಾವಳಿಗೆ ಗದ್ದುಗೆಯ ಮೇಲೆ ಹೊಸ ವಹಿಯನ್ನಿಟ್ಟು ಪೂಜಿಸುವ ಮುನ್ನ ಹಳೆಯ ವಹಿಗಳ ಕಟ್ಟನ್ನೂ ಒಮ್ಮೆ ಬಿಚ್ಚಿ ನೋಡಬೇಕೆಂದು ವರ್ತಕ ಬಂಧುಗಳಲ್ಲಿ ನನ್ನ ವಿನಂತಿ.