ಕೊಳಕುಮಂಡಲಕ್ಕೂ ಒಂದು ಪ್ರೋಟೀನ್ ಬರಲಿ

ಬಿಸಿಗೆ ಕೆಡದ ಹೊಸ ಹಾವಿನ ಮದ್ದಿನ ಸುದ್ದಿ ಓದಿದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ‘ಹಾಗಾದ್ರೆ ಇನ್ನು ಆಸ್ಪತ್ರೆಗೆ ಫ್ರಿಜ್ ಬೇಡ್ವಾ ಸಾರ್?’ ತಾಲ್ಲೂಕು ಆಸ್ಪತ್ರೆಯ ಔಷಧ ಉಗ್ರಾಣ ನೋಡಿಕೊಳ್ಳುವವನು ನಾನು. ನಾವು ಎಎಸ್‌ವಿ ಎನ್ನುವ, ಹಾವಿನ ವಿಷ ಇಳಿಸುವ ಚುಚ್ಚುಮದ್ದಿಗೆ ಫ್ರಿಜ್ಜಿನ ಹಂಗು ಈಗಲೂ ಅಷ್ಟಿಲ್ಲ. ನಮಗೆ ಬರುವುದು ಬಹುಪಾಲು ಒಣಪುಡಿ. ವಯಲ್‌ಗೆ 10 ಎಂ.ಎಲ್. ಶುದ್ಧ ನೀರು ಬಿಟ್ಟು, ನೊರೆ ಏಳದ ಹಾಗೆ ಮೆಲ್ಲಗೆ ಹೊರಳಿಸಿ ಕರಗಿಸಿ, ಡ್ರಿಪ್‌ಗೆ ಸೇರಿಸಿದರಾಯಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ನಾನು ಓಡುವುದು ರೇಬಿಸ್ ಲಸಿಕೆ, ಇನ್ಸುಲಿನ್ ಇಟ್ಟ ಕಡೆಗೆ. ಹಾಗಾಗಿ ಸುದ್ದಿಯಲ್ಲಿರುವ ಈ ಹೊಸ ಪ್ರೋಟೀನ್ ಮದ್ದುಗಳನ್ನು ಬಿಸಿ ತಡೆಯುತ್ತವೆಂಬ ಒಂದೇ ಕಾರಣಕ್ಕೆ ಹಾಡಿ ಹೊಗಳುವುದು ನನಗೆ ರುಚಿಸುತ್ತಿಲ್ಲ. ಅವು ನಮಗೆ ಬೇಕು, ಬೇರೆ ಕಾರಣಕ್ಕೆ ಬೇಕು.

ನಡೆದದ್ದು ಇಷ್ಟು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಅವರ ತಂಡದ ಸುಸಾನಾ ವಾಸ್ಕೆಸ್ ಟೊರೆಸ್, ಡೆನ್ಮಾರ್ಕ್ ತಾಂತ್ರಿಕ ವಿಶ್ವವಿದ್ಯಾಲಯದ ಟಿಮೊಥಿ ಜೆಂಕಿನ್ಸ್ ಮತ್ತಿತರರು 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಾಗರಹಾವಿನ ಬಳಗದ ವಿಷದಲ್ಲಿ ಮೂರು ಬೆರಳು ಚಾಚಿದಂತೆ ಕಾಣುವ ಪುಟ್ಟ ವಿಷಾಂಶಗಳಿವೆ. ನರ ಸ್ನಾಯುವಿಗೆ ಕೊಡುವ ಆಜ್ಞೆಯನ್ನು ಅವು ತಡೆಯುತ್ತವೆ. ರೆಪ್ಪೆ ಜೋತುಬೀಳುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಆ ವಿಷಾಂಶಕ್ಕೆ ಅಂಟಿಕೊಂಡು ಸುಮ್ಮನಾಗಿಸುವ ಪ್ರೋಟೀನ್‌ಗಳನ್ನು ಇವರು ಕಂಪ್ಯೂಟರಿನಲ್ಲಿ ರೂಪಿಸಿದರು. ಅಂಥವು ಪ್ರಕೃತಿಯಲ್ಲೇ ಇರಲಿಲ್ಲ. ದೇಹ ವಿಷದ ವಿರುದ್ಧ ತಯಾರಿಸುವ ಪ್ರತಿಕಾಯವೆಂದರೆ 1,300ಕ್ಕೂ ಹೆಚ್ಚು ಅಮೈನೊ ಆಮ್ಲಗಳ ದೊಡ್ಡ ಸರಂಜಾಮು. ಇವು ಸುಮಾರು 100ರವು. ಪ್ರಾಣಿಕೋಶ ಬೇಡ, ಈಗಿನ ಎಎಸ್‌ವಿಗೆ ಬೇಕಾಗುವ ಕುದುರೆಯೂ ಬೇಡ, ಬ್ಯಾಕ್ಟೀರಿಯಾದಲ್ಲೇ ಬೆಳೆಸಬಹುದು. ಸಾಯಿಸುವಷ್ಟು ವಿಷ ಕೊಟ್ಟ ಇಲಿಗಳಲ್ಲಿ ಹೆಚ್ಚಿನವು ಬದುಕಿದವು, ಕೆಲವು ಪ್ರಯೋಗಗಳಲ್ಲಿ ಎಲ್ಲವೂ. ಆದರೆ ಕೊಟ್ಟದ್ದು ಹಾವಿನ ಇಡೀ ವಿಷವನ್ನಲ್ಲ, ಅದರಿಂದ ಬೇರ್ಪಡಿಸಿದ ಒಂದೊಂದೇ ಅಂಶವನ್ನು. ಪತ್ರಿಕೆಗಳ ತಲೆಬರಹದಲ್ಲಿ ಈ ಮಾತು ಬರುವುದಿಲ್ಲ.

ಇನ್ನು ನಮ್ಮ ವಾರ್ಡಿಗೆ ಬನ್ನಿ. ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿ ಬಂದವರಿಗೆ ಸಿಸ್ಟರ್ ಮೊದಲು ಮಾಡುವುದು ಒಂದು ಸರಳ ಪರೀಕ್ಷೆ. ಒಣಗಿದ, ಹೊಸ ಗಾಜಿನ ನಳಿಕೆಯಲ್ಲಿ 2 ಎಂ.ಎಲ್. ರಕ್ತ ತೆಗೆದು ಅಲುಗಿಸದೆ ನಿಲ್ಲಿಸುತ್ತಾರೆ. 20 ನಿಮಿಷ ಕಳೆದು ಬಗ್ಗಿಸಿದಾಗ ರಕ್ತ ಹೆಪ್ಪುಗಟ್ಟಿರದೆ ನೀರಿನಂತೆ ಹರಿದರೆ ವಿಷ ಏರಿದೆ ಎಂದರ್ಥ. ತಕ್ಷಣ ಎಎಸ್‌ವಿ ವಯಲ್‌ಗಳು ಹೊರಡುತ್ತವೆ, ಸಾಮಾನ್ಯವಾಗಿ ಮೊದಲ ಕಂತಿಗೆ 10. ಜೊತೆಗೆ ಸಿರಿಂಜಿನಲ್ಲಿ ತುಂಬಿಟ್ಟ ಅಡ್ರಿನಲಿನ್. ಯಾಕೆಂದರೆ ವಯಲ್‌ನಲ್ಲಿರುವುದು ಕುದುರೆಯ ಪ್ರತಿಕಾಯದ ತುಂಡುಗಳು. ಅದರಲ್ಲೂ ವಿಷದ ಮೇಲೆ ಕೆಲಸ ಮಾಡುವುದು ಸ್ವಲ್ಪ ಪಾಲು ಮಾತ್ರ, ಉಳಿದದ್ದು ಕುದುರೆಯ ಬೇರೆ ಪ್ರತಿಕಾಯಗಳದ್ದು. ಕೆಲವರಿಗೆ ಮೈಯೆಲ್ಲ ದದ್ದು, ಚಳಿ ನಡುಕ. ಇನ್ನು ಕೆಲವರಿಗೆ ಬಿ.ಪಿ. ಕುಸಿಯುತ್ತದೆ. ಬಾಗಿಲಲ್ಲಿ ನಿಂತ ಮಗ ‘ಇನ್ನೆಷ್ಟು ಬಾಟ್ಲು ಹಾಕ್ತೀರ ಸಾರ್?’ ಎನ್ನುತ್ತಾನೆ. ರಕ್ತದ ನಳಿಕೆಯನ್ನು 6 ಗಂಟೆ ಬಿಟ್ಟು ಮತ್ತೆ ನೋಡುವವರೆಗೆ ಅವನಿಗೆ ಕೊಡಲು ನನ್ನಲ್ಲಿ ಉತ್ತರವಿರುವುದಿಲ್ಲ.

ಪ್ರಾಣಿಯ ರಕ್ತದಿಂದ ಮದ್ದು ಮಾಡುವುದು 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ ಕಾಲ್ಮೆಟ್ ಹಾಕಿಕೊಟ್ಟ ದಾರಿ. ಮೂಲದಲ್ಲಿ ಇವತ್ತಿಗೂ ಅದೇ: ಪ್ರಾಣಿಗೆ ವಿಷ ಚುಚ್ಚು, ರಕ್ತ ತೆಗೆ. ಮೂರು ಬೆರಳಿನಂಥ ಪುಟ್ಟ ವಿಷಾಂಶಗಳಿಗೆ ಕುದುರೆಯ ದೇಹ ಸರಿಯಾಗಿ ಪ್ರತಿಕ್ರಿಯಿಸುವುದೂ ಇಲ್ಲ. ಗುರಿ ನೋಡಿ ರೂಪಿಸಿದ ಪ್ರೋಟೀನ್ ಗೆಲ್ಲುವುದು ಇಲ್ಲಿಯೇ. ಕುದುರೆ ಅಲರ್ಜಿಯ ಗೊಡವೆಯಿಲ್ಲ, ಬ್ಯಾಚಿನಿಂದ ಬ್ಯಾಚಿಗೆ ಗುಣ ಬದಲಾಗುವುದಿಲ್ಲ. ಪುಟ್ಟದಾದ್ದರಿಂದ ಕಚ್ಚಿದ ಜಾಗದ ಮಾಂಸದೊಳಕ್ಕೂ ಬೇಗ ಇಳಿಯಬಹುದು.

ಪುಟ್ಟದಾಗಿರುವುದರಲ್ಲಿ ತೊಡಕೂ ಇದೆ. ಅಷ್ಟು ಚಿಕ್ಕ ಪ್ರೋಟೀನ್ ಮೂತ್ರಪಿಂಡದಲ್ಲಿ ಸೋಸಿಹೋಗಿ ಬೇಗ ಹೊರಬೀಳುತ್ತದೆ. ವಿಷವೋ ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ಒಸರುತ್ತಲೇ ಇರುತ್ತದೆ. ಪ್ರೋಟೀನನ್ನು ದೇಹದಲ್ಲಿ ಹೆಚ್ಚು ಹೊತ್ತು ಉಳಿಸುವ ಉಪಾಯಗಳಿವೆ. ಅವನ್ನು ಮನುಷ್ಯರಲ್ಲಿ ಪರೀಕ್ಷಿಸಿ ತೋರಿಸಬೇಕು.

ನನ್ನ ತಕರಾರು ಇರುವುದು ಹಾವಿನ ಆಯ್ಕೆಯಲ್ಲಿ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸರಾಸರಿ 58,000 ಎಂದು 2000ದಿಂದ 2019ರವರೆಗಿನ ಸಾವುಗಳನ್ನು ಪರಿಶೀಲಿಸಿದ ಅಧ್ಯಯನ ಹೇಳಿತು. ಆ ಸಾವುಗಳಲ್ಲಿ ದೊಡ್ಡ ಪಾಲು ಕೊಳಕುಮಂಡಲದ್ದು. ಅದರ ವಿಷ ಮೂರು ಬೆರಳಿನದಲ್ಲ. ರಕ್ತ ಕೆಡಿಸುವ, ಮಾಂಸ ಕೊಳೆಸುವ, ಮೂತ್ರಪಿಂಡ ಹಾಳುಮಾಡುವ ಹಲವು ಕಿಣ್ವಗಳ ಮಿಶ್ರಣ. ಕೆಲವು ಗಾತ್ರದಲ್ಲೂ ದೊಡ್ಡವು. ಜೊತೆಗೆ ಊರಿಂದೂರಿಗೆ ಮಿಶ್ರಣ ಬದಲಾಗುತ್ತದೆ. ನಮ್ಮ ಎಎಸ್‌ವಿಗೆ ಬೇಕಾದ ವಿಷ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಅಲ್ಲಿನ ಹಾವಿನ ವಿಷಕ್ಕೆ ಹೊಂದುವ ಮದ್ದು ದೂರದ ಊರಿನ ಅದೇ ಜಾತಿಯ ಹಾವಿಗೆ ಅಷ್ಟಾಗಿ ನಾಟುವುದಿಲ್ಲ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿಕೊಟ್ಟಿದೆ.

ಕಷ್ಟದ ಹಾವನ್ನು ಕೈಗೆತ್ತಿಕೊಳ್ಳುವವರು ಯಾರು? ಕಂಪನಿಗಳಂತೂ ಅಲ್ಲ. ಕ್ಯಾನ್ಸರಿನ ಪ್ರತಿಕಾಯ ಔಷಧಕ್ಕೆ ಲಕ್ಷಗಟ್ಟಲೆ ಎಣಿಸುವ ಮಾರುಕಟ್ಟೆಯಿದೆ. ಹಾವು ಕಚ್ಚುವುದು ಬರಿಗಾಲಲ್ಲಿ ಕಳೆ ಕೀಳುವವರಿಗೆ. ಆಫ್ರಿಕಾದ ಹಾವುಗಳಿಗೆ ಒಳ್ಳೆಯ ಮದ್ದೆನಿಸಿದ್ದ ಫ್ಯಾವ್-ಆಫ್ರಿಕ್ ತಯಾರಿಕೆಯನ್ನು ಸನೋಫಿ 2014ರಲ್ಲಿ ನಿಲ್ಲಿಸಿತು. ಲಾಭ ಗಿಟ್ಟಲಿಲ್ಲ, ಅಷ್ಟೇ.

ಆದ್ದರಿಂದ ಈ ಕೆಲಸ ಸರ್ಕಾರದ ಹಣದಲ್ಲೇ, ಇಲ್ಲೇ ಆಗಬೇಕು. ಬೇಕರ್ ತಂಡದ ವಿನ್ಯಾಸ ತಂತ್ರಾಂಶ ಆರ್‌ಎಫ್‌ಡಿಫ್ಯೂಷನ್ 2023ರಿಂದ ಯಾರು ಬೇಕಾದರೂ ಬಳಸುವಂತೆ ತೆರೆದಿದೆ. ವಿಷ ಬಲ್ಲವರೂ ನಮ್ಮಲ್ಲಿದ್ದಾರೆ: ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸುನಗಾರ್ ತಂಡ 2024ರಲ್ಲಿ ನಾಗರಹಾವಿನ ಬಳಗದ ನರವಿಷಕ್ಕೆ ಕೃತಕ ಪ್ರತಿಕಾಯವನ್ನೇ ಮಾಡಿ ತೋರಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ನಾವು ತಾಲ್ಲೂಕುವಾರು ಲೆಕ್ಕ ಕಳಿಸುತ್ತಿದ್ದೇವೆ. ಆ ಲೆಕ್ಕ ಫೈಲಿನಲ್ಲಿ ಮಲಗದೆ ಲ್ಯಾಬಿಗೆ ಹೋಗಲಿ. ಕಡಿತ ಹೆಚ್ಚಿರುವ ಕಡೆಗಳಿಂದ ಕೊಳಕುಮಂಡಲದ ವಿಷ ಸಂಗ್ರಹಿಸಲು ಅರಣ್ಯ ಇಲಾಖೆ ಸಂಶೋಧಕರಿಗೆ ಬೇಗ ಅನುಮತಿ ಕೊಡಲಿ.

ಇವೆಲ್ಲ ಕೈಗೂಡಲು ವರ್ಷಗಳು ಬೇಕು. ಅದುವರೆಗೂ ಕುದುರೆಯ ಮದ್ದೇ ಗತಿ. ಹೊಸದರ ನೆಪ ಹೇಳಿ ಪಿಎಚ್‌ಸಿಗಳ ಎಎಸ್‌ವಿ ದಾಸ್ತಾನಿಗೆ ಕತ್ತರಿ ಹಾಕಿದರೆ ನಾನು ಮೊದಲು ಜಗಳಕ್ಕೆ ನಿಲ್ಲುತ್ತೇನೆ. ಜನರ ತೆರಿಗೆಯಲ್ಲಿ ಹುಟ್ಟುವ ಪ್ರೋಟೀನಿನ ಹಕ್ಕನ್ನು ಒಂದೇ ಕಂಪನಿ ಕಟ್ಟಿಟ್ಟುಕೊಳ್ಳದಂತೆ, ಬ್ಯಾಕ್ಟೀರಿಯಾ ಟ್ಯಾಂಕ್ ಇರುವ ಯಾವ ತಯಾರಕರೂ ನ್ಯಾಯದ ಬೆಲೆಗೆ ಮಾಡಿ ಕೊಡುವಂತೆ, ಮೊದಲ ಕರಾರಿನಲ್ಲೇ ಬರೆದಿಡಬೇಕು.